ಶಾಮಶಾಸ್ತ್ರಿಗಳ ಅರ್ಥಶಾಸ್ತ್ರವೂ ಚಿಕ್ಕೋಡಿಯ ಸೀಮೆಯೂ

ಅಥಣಿಯ ಕಡೆಯ ನಮ್ಮ ಆಪ್ತರೊಬ್ಬರ ಮನೆಯಲ್ಲಿ ಒಂದು ಸಾಯಂಕಾಲ ಚಿಕ್ಕದೊಂದು ವಾದವು ಹುಟ್ಟಿತು. ಆ ಮನೆಯ ಹುಡುಗನು ಪದವಿಯ ಪರೀಕ್ಷೆಯನ್ನು ಮುಗಿಸಿದ್ದನು. ಮುಂದೆ ಪರರಾಷ್ಟ್ರಸಂಬಂಧಶಾಸ್ತ್ರವನ್ನೂ ಅದರ ಜೊತೆಗೆ ರಾಜಕೀಯ ಮನಶ್ಶಾಸ್ತ್ರವನ್ನೂ ಅಭ್ಯಾಸ ಮಾಡಿ ಅಧ್ಯಾಪಕನಾಗಬೇಕೆಂಬುದು ಅವನ ಹಟ. ಅಜ್ಜನವರು ಕಬ್ಬಿನ ಲೆಕ್ಕದ ವಹಿಯನ್ನು ಬದಿಗಿರಿಸಿ, "ತಮ್ಮಾ, ಒಬ್ಬ ಅರಸ ಇನ್ನೊಬ್ಬ ಅರಸನ ಕೂಡ ಹ್ಯಾಂಗ ನಡಕೋಬೇಕು ಅನ್ನೂದು ದಿಲ್ಲಿಯವರ ವಿದ್ಯಾ. ನಮ್ಮ ಎರಿ ಹೊಲಕ್ಕ ಅದರಿಂದ ಏನು ಬರ್ತದ?" ಎಂದು ಕೇಳಿದರು. ಹುಡುಗನು, "ಅಜ್ಜಾರ, ಇದು ಹೊರಗಿನವರು ಹೊಸದಾಗಿ ಕಟ್ಟಿದ ಶಾಸ್ತ್ರ, ನಮ್ಮಲ್ಲಿ ಇನ್ನೂ ಬೇರೂರಿಲ್ಲ" ಎಂದು ಹೇಳಿ ನಾಲ್ಕಾರು ಅಮೇರಿಕನ್ ವಿದ್ವಾಂಸರ ಹೆಸರುಗಳನ್ನು ಎಣಿಸಿದನು. ಅವನು ಎಣಿಸಿದ ಹೆಸರುಗಳಲ್ಲಿ ನಮ್ಮವರದೊಂದೂ ಇರಲಿಲ್ಲ. ಅಜ್ಜನವರೂ ಮೊಮ್ಮಗನೂ ಇಬ್ಬರೂ ತಪ್ಪುತ್ತಿದ್ದಾರೆಂದು ನನಗೆ ತೋರಿತು. ಆ ಹೊತ್ತಿಗೆ ಊಟಕ್ಕೆ ಎಬ್ಬಿಸಿದ್ದರಿಂದ ಹೇಳಲಾಗದೆ ಉಳಿದುದನ್ನು ಈಗ ವಾಚಕರ ಮುಂದಿಡುತ್ತೇನೆ.

ಮೊದಲು ಮೊಮ್ಮಗನ ತಪ್ಪನ್ನು ತೆಗೆದುಕೊಳ್ಳೋಣ. ರಾಜ್ಯರಾಜ್ಯಗಳ ಸಂಬಂಧವನ್ನೂ ಆಳುವವರ ಮನಸ್ಸನ್ನೂ ಒಂದೇ ಗ್ರಂಥದಲ್ಲಿ ಹಿಡಿದಿಟ್ಟು ವಿಚಾರಿಸಿದ ಅತ್ಯಂತ ಹಳೆಯ ಪುಸ್ತಕಗಳಲ್ಲೊಂದು ಕೌಟಿಲ್ಯನ ಅರ್ಥಶಾಸ್ತ್ರ. ಅದನ್ನು ಕತ್ತಲೆಯಿಂದ ಬೆಳಕಿಗೆ ತಂದವರು ಕನ್ನಡ ನಾಡಿನವರೇ ಆದ ರುದ್ರಪಟ್ನದ ಶಾಮಶಾಸ್ತ್ರಿಗಳು. ಅವರು 1868ರಲ್ಲಿ ಕಾವೇರಿಯ ತೀರದ ರುದ್ರಪಟ್ನದಲ್ಲಿ ಹುಟ್ಟಿದರು. ಈಗ ಹಾಸನ ಜಿಲ್ಲೆಗೆ ಸೇರಿದ ಆ ಊರು ಸಂಗೀತಗಾರರಿಂದಲೂ ಹೆಸರಾಗಿದೆ. ವೇದಶಾಸ್ತ್ರಗಳನ್ನು ಹಳೆಯ ಪದ್ಧತಿಯಿಂದ ಕಲಿತ ಮೇಲೆ ಅವರು ಮದರಾಸು ವಿಶ್ವವಿದ್ಯಾಲಯದ ಪದವಿಯನ್ನೂ ಪಡೆದರು. ಎರಡೂ ಕಡೆಯ ವಿದ್ಯೆಯು ಒಬ್ಬನಲ್ಲಿಯೇ ಸೇರುವದು ಆ ಕಾಲದಲ್ಲಿ ಅಪರೂಪ. ಮುಂದೆ ನಡೆದ ಕಾರ್ಯಕ್ಕೆ ಇದುವೇ ಮೂಲವಾಯಿತು. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಪುಸ್ತಕಭಾಂಡಾರದಲ್ಲಿ ಅವರಿಗೆ ಕೆಲಸ ದೊರೆಯಿತು. ಕೆಲಸವೆಂದರೆ ಓಲೆಯ ಕಟ್ಟುಗಳನ್ನು ಬಿಚ್ಚುವದು, ಧೂಳು ಒರೆಸುವದು, ಓದಿ ಪಟ್ಟಿ ಮಾಡುವದು. ಮೇಲುನೋಟಕ್ಕೆ ಗುಮಾಸ್ತನ ಕೆಲಸವೇ ಸರಿ.

ತಂಜಾವೂರು ಸೀಮೆಯ ಪಂಡಿತರೊಬ್ಬರು ಆ ಭಾಂಡಾರಕ್ಕೆ ಒಪ್ಪಿಸಿದ ಓಲೆಗಳಲ್ಲಿ ಗ್ರಂಥಲಿಪಿಯಲ್ಲಿ ಬರೆದ ಒಂದು ಪ್ರತಿಯು ಶಾಸ್ತ್ರಿಗಳ ಕಣ್ಣಿಗೆ ಬಿದ್ದಿತು. ಕೌಟಿಲ್ಯನ ಹೆಸರನ್ನು ವಿದ್ವಾಂಸರು ಕೇಳಿದ್ದರು. ದಂಡಿಯು ಅವನ ಗ್ರಂಥವನ್ನು ಸ್ಮರಿಸಿದ್ದಾನೆ, ಬಾಣನು ಅದರ ಕ್ರೌರ್ಯವನ್ನು ಹಳಿದಿದ್ದಾನೆ, ಕಾಮಂದಕನು ಅವನನ್ನೇ ಗುರುವೆಂದು ನಮಿಸಿದ್ದಾನೆ. ಆದರೆ ಗ್ರಂಥವು ಮಾತ್ರ ಕಾಲಗರ್ಭದಲ್ಲಿ ಅಳಿದುಹೋಯಿತೆಂದೇ ಎಲ್ಲರೂ ನಂಬಿದ್ದರು. ಶಾಸ್ತ್ರಿಗಳು 1905ರಲ್ಲಿ ಅದರ ಕೆಲವು ಭಾಗಗಳ ಅನುವಾದವನ್ನು ಪ್ರಕಟಿಸಿ ಜಗತ್ತಿಗೆ ಸುದ್ದಿ ಮುಟ್ಟಿಸಿದರು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಸಂಪೂರ್ಣ ಇಂಗ್ಲಿಷ್ ಅನುವಾದವನ್ನು ಹೊರಡಿಸಿದರು. ಹದಿನೈದು ಅಧಿಕರಣಗಳು, ನೂರೈವತ್ತು ಅಧ್ಯಾಯಗಳು. ಪದಪದಕ್ಕೂ ಪಾರಿಭಾಷಿಕ ಶಬ್ದ, ಸಹಾಯಕ್ಕೆ ಭಟ್ಟಸ್ವಾಮಿಯ ಟೀಕೆಯ ಒಂದು ತುಣುಕು ಮಾತ್ರ. ಇಷ್ಟರ ಮೇಲೆ ಈ ಕಾರ್ಯವನ್ನು ಕೈಕೊಂಡ ಧೈರ್ಯವನ್ನು ಇಂದಿನ ವಿದ್ಯಾರ್ಥಿಗಳು ಕ್ಷಣಕಾಲ ಯೋಚಿಸಬೇಕು. ಆ ಅನುವಾದದಲ್ಲಿ ತಪ್ಪುಗಳಿಲ್ಲವೆಂದು ನಾನು ಹೇಳುವದಿಲ್ಲ. ತಿರುವಾಂಕೂರಿನ ಗಣಪತಿಶಾಸ್ತ್ರಿಗಳೂ, ಜರ್ಮನಿಯ ಮೆಯೆರ್ ಪಂಡಿತನೂ, 1960ರಿಂದ ಮುಂಬಯಿ ವಿಶ್ವವಿದ್ಯಾಲಯದ ಪರವಾಗಿ ಕಾಂಗಲೆಯವರೂ ಹೆಚ್ಚಿನ ಪ್ರತಿಗಳ ಆಧಾರದಿಂದ ಅನೇಕ ಕಡೆ ಅವರನ್ನು ತಿದ್ದಿದ್ದಾರೆ. ಆದರೆ ತಿದ್ದುವವರಿಗೆ ತಿದ್ದಲು ಏನಾದರೂ ಇರಬೇಕಷ್ಟೆ.

ಶಾಸ್ತ್ರಿಗಳ ಮುಂದಿನ ಉದ್ಯೋಗಗಳ ವಿಷಯಕ್ಕೆ ಹೆಚ್ಚು ಬರೆಯಬೇಕಾಗಿಲ್ಲ. ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯ ಮುಖ್ಯಸ್ಥರಾದರು, 1922ರಿಂದ 1929ರ ವರೆಗೆ ಮೈಸೂರಿನ ಪ್ರಾಚ್ಯಶೋಧ ಇಲಾಖೆಯನ್ನು ನಡೆಸಿದರು, ಕಲಕತ್ತಾ ವಿಶ್ವವಿದ್ಯಾಲಯದವರ ಕರೆಯ ಮೇರೆಗೆ ಹಿಂದೂ ರಾಜ್ಯಪದ್ಧತಿಯ ವಿಕಾಸವನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟರು, ಆ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು, ಮಹಾಮಹೋಪಾಧ್ಯಾಯರಾದರು, 1944ರಲ್ಲಿ ತೀರಿಕೊಂಡರು. ಇಷ್ಟೇ ಅವರ ಅಧ್ಯಯನಜೀವನದ ಹೊರರೇಖೆ.

ಕಾಲವನ್ನು ಸ್ವಲ್ಪ ಹೋಲಿಸಿ ನೋಡಬೇಕು. ಇಂಗ್ಲಂಡಿನ ಗ್ರಹಾಮ್ ವಾಲಸ್ ಎಂಬಾತನು ರಾಜಕಾರಣದಲ್ಲಿ ಮನುಷ್ಯಸ್ವಭಾವದ ಪಾತ್ರವನ್ನು ಕುರಿತು ಬರೆದ, ರಾಜಕೀಯ ಮನಶ್ಶಾಸ್ತ್ರದ ಆದ್ಯಗ್ರಂಥಗಳಲ್ಲೊಂದೆನಿಸುವ ಪುಸ್ತಕವು ಪ್ರಕಟವಾದದ್ದು 1908ರಲ್ಲಿ. ಅರ್ಥಶಾಸ್ತ್ರದ ಮೂಲವು ಮೈಸೂರಿನಿಂದ ಹೊರಬಿದ್ದದ್ದು ಮರುವರ್ಷವೇ. ಪರರಾಷ್ಟ್ರಸಂಬಂಧಕ್ಕಾಗಿಯೇ ಮೊದಲನೆಯ ಅಧ್ಯಾಪಕಪೀಠವು ವೇಲ್ಸ್ ಪ್ರಾಂತದ ಅಬೆರಿಸ್ಟ್ವಿತ್ ಊರಿನಲ್ಲಿ ಏರ್ಪಟ್ಟದ್ದು ಮೊದಲನೆಯ ಮಹಾಯುದ್ಧದ ತರುವಾಯ, 1919ರಲ್ಲಿ. ಅದೇ 1919ರಲ್ಲಿ ಜರ್ಮನಿಯ ಮ್ಯಾಕ್ಸ್ ವೇಬರ್ ಎಂಬ ಸಮಾಜಶಾಸ್ತ್ರಜ್ಞನು ಮ್ಯೂನಿಕ್ ನಗರದ ವಿದ್ಯಾರ್ಥಿಗಳಿಗೆ ರಾಜಕಾರಣವೃತ್ತಿಯ ವಿಷಯವಾಗಿ ಉಪನ್ಯಾಸವನ್ನು ಕೊಡುವಾಗ, ಕೌಟಿಲ್ಯನ ಮುಂದೆ ಇಟಲಿಯ ಮ್ಯಾಕಿಯಾವೆಲಿಯು ನಿರಪಾಯಿಯೆಂಬರ್ಥದ ಮಾತನ್ನಾಡಿದನು. ಅದೇ ವರ್ಷ ಬಂಗಾಲದ ವಿನಯಕುಮಾರ ಸರಕಾರರು ಅಮೇರಿಕದ ರಾಜ್ಯಶಾಸ್ತ್ರದ ಪತ್ರಿಕೆಯಲ್ಲಿ ಹಿಂದೂಗಳ ಪರರಾಷ್ಟ್ರಸಂಬಂಧದ ಸಿದ್ಧಾಂತವನ್ನು ವಿವರಿಸಿದರು. ಆಳುವವರ ಮನೋವಿಕಾರಗಳನ್ನು ಕುರಿತ ಲಾಸ್ವೆಲ್ಲನ ಪ್ರಸಿದ್ಧ ಗ್ರಂಥವು ಬಂದದ್ದು 1930ರಲ್ಲಿ. ಹೀಗಿರಲು ಈ ಶಾಸ್ತ್ರವು ಸಿದ್ಧವಾಗಿ ಪಡುವಣದಿಂದ ಹಡಗಿನಲ್ಲಿ ಬಂದಿಳಿಯಿತೆಂದು ನಮ್ಮ ಹುಡುಗರಿಗೆ ಯಾರು ಕಲಿಸಿದರೋ ತಿಳಿಯದು.

ಇನ್ನು ಗ್ರಂಥದ ಒಳಗಿನ ಮಾತು. ರಾಜ್ಯಗಳ ಸಂಬಂಧವನ್ನು ಕೌಟಿಲ್ಯನು ಮಂಡಲವೆಂಬ ಚಿತ್ರದಿಂದ ತೋರಿಸುತ್ತಾನೆ. ಗೆಲ್ಲಬೇಕೆಂಬ ಅರಸನು ನಡುವೆ. ಅವನ ಗಡಿಗೆ ಗಡಿ ತಾಗಿದವನು ಸ್ವಭಾವದಿಂದಲೇ ಶತ್ರು. ಆ ಶತ್ರುವಿನ ಆಚೆಯವನು ಮಿತ್ರ. ಬೆನ್ನ ಹಿಂದೆ ಹೊಂಚುವವನು ಪಾರ್ಷ್ಣಿಗ್ರಾಹ; ಇಬ್ಬರಿಗೂ ನೆರೆಯಾಗಿ ಯಾರಿಗೆ ಬೇಕಾದರೂ ನೆರವಾಗಬಲ್ಲವನು ಮಧ್ಯಮ; ಎಲ್ಲರಿಗಿಂತ ಬಲಿಷ್ಠನಾಗಿ ದೂರ ನಿಂತವನು ಉದಾಸೀನ. ಅರಸನ ಕೈಯಲ್ಲಿರುವ ಉಪಾಯಗಳು ಆರು: ಸಂಧಿ, ವಿಗ್ರಹ, ಸುಮ್ಮನೆ ಕಾಯ್ದು ಕೂಡ್ರುವ ಆಸನ, ದಂಡೆತ್ತಿ ಹೋಗುವ ಯಾನ, ಬಲಿಷ್ಠನ ಆಸರೆ ಹಿಡಿಯುವ ಸಂಶ್ರಯ, ಒಬ್ಬನೊಡನೆ ಸಂಧಿ ಮಾಡಿ ಇನ್ನೊಬ್ಬನೊಡನೆ ಕಾದುವ ದ್ವೈಧೀಭಾವ. ಇದು ಹೊರಗಿನ ಅರ್ಧ.

ಒಳಗಿನ ಅರ್ಧವನ್ನು ಜನರು ಅಷ್ಟಾಗಿ ಗಮನಿಸಿಲ್ಲ. ನನ್ನ ಮತದಲ್ಲಿ ಅದೇ ಹೆಚ್ಚಿನದು. ಗ್ರಂಥವು ಆರಂಭವಾಗುವದು ಸೈನ್ಯದಿಂದಲ್ಲ, ಅರಸನ ಇಂದ್ರಿಯಜಯದಿಂದ. ಕಾಮಕ್ರೋಧಾದಿಗಳಿಂದ ಕೆಟ್ಟುಹೋದ ಅರಸರ ಒಂದು ಪಟ್ಟಿಯೇ ಅಲ್ಲಿದೆ. ರಾವಣ ದುರ್ಯೋಧನರೂ ಅದರಲ್ಲಿದ್ದಾರೆ. ಅಮಾತ್ಯನ ಮನಸ್ಸನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಒರೆಗಲ್ಲುಗಳಿಗೆ ತಿಕ್ಕಿ ನೋಡಬೇಕೆಂದು ಹೇಳಿದ ಮೇಲೆ, ಪರರಾಜ್ಯದಲ್ಲಿ ಯಾರು ಒಡೆದು ಬರುವರೆಂಬುದನ್ನು ವಿಚಾರಿಸುವಾಗ ನಾಲ್ಕು ವರ್ಗಗಳನ್ನು ಎಣಿಸುತ್ತಾನೆ. ಸಿಟ್ಟಿಗೆದ್ದವರು, ಆಸೆಬುರುಕರು, ಅಂಜಿದವರು, ತಮ್ಮ ಮಾನವನ್ನು ಬಹಳವಾಗಿ ಎಣಿಸುವವರು. ಕೊಟ್ಟ ಮಾತನ್ನು ತಪ್ಪಿಸಿಕೊಂಡವನಿಗೆ ಸಿಟ್ಟು, ತನ್ನ ಸರಿಯವನಿಗೆ ಮರ್ಯಾದೆಯಾದಾಗ ಮಾನಿಗೆ ಉರಿ; ಹೀಗೆ ಒಂದೊಂದು ವರ್ಗಕ್ಕೂ ಕಾರಣಗಳನ್ನು ಕೊಟ್ಟಿದ್ದಾನೆ. ಊರ ಪಂಚಾಯಿತಿಯ ಒಂದು ಚುನಾವಣೆಯನ್ನು ನೋಡಿದವರಿಗೆ ಈ ಅಧ್ಯಾಯಕ್ಕೆ ಟೀಕೆ ಬೇಕಾಗದು.

ಈಗ ಅಜ್ಜನವರ ಪ್ರಶ್ನೆಗೆ ಬರುತ್ತೇನೆ. ನಮ್ಮ ಹೊಲಕ್ಕೂ ಈ ವಿದ್ಯೆಗೂ ಏನು ಸಂಬಂಧ? 1915ರ ಅನುವಾದದ ಆರಂಭದಲ್ಲಿ ಒಂದು ಪ್ರವೇಶಿಕೆಯಿದೆ. ಅದನ್ನು ಬರೆದವರು ಜಾನ್ ಫ್ಲೀಟ್ ಸಾಹೇಬರು. ಈ ಹೆಸರು ನಮ್ಮ ಸೀಮೆಗೆ ಹೊಸದಲ್ಲ. ಮುಂಬಯಿ ಇಲಾಖೆಯ ಅಧಿಕಾರಿಯಾಗಿ ಬೆಳಗಾವಿಯ ಕಡೆಯಲ್ಲಿ ವಿದ್ಯಾಖಾತೆಯಲ್ಲಿಯೂ, ಆ ಮೇಲೆ ಕೊಲ್ಲಾಪುರ ಮತ್ತು ದಕ್ಷಿಣ ಮರಾಠಾ ಸಂಸ್ಥಾನಗಳ ಸಹಾಯಕ ರಾಜಕೀಯ ಏಜಂಟರಾಗಿಯೂ ಕೆಲಸ ಮಾಡಿದವರು ಇವರೇ. ಕನ್ನಡವನ್ನು ಕಲಿತು, ಊರೂರಿನ ಶಾಸನಗಳನ್ನು ಓದಿ, ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆದರು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಬರೆಯಿಸಿಕೊಂಡು ಅಚ್ಚು ಹಾಕಿಸಿದವರೂ ಇವರೇ. ಸವದತ್ತಿ ಬೆಳಗಾವಿಗಳ ರಟ್ಟರ ಶಾಸನಗಳನ್ನು ಪ್ರಕಟಿಸಿದಾಗ ಅವುಗಳಲ್ಲಿ ರಾಯಬಾಗದ ಜೈನ ಬಸದಿಯ ಶಾಸನವೂ ಸೇರಿತ್ತು. ರಾಯಬಾಗದ ಕಲ್ಲನ್ನು ಓದಿದ ಕಣ್ಣೇ ಕಡೆಗಾಲದಲ್ಲಿ ಮೈಸೂರಿನ ಓಲೆಯ ಬೆಲೆಯನ್ನು ಅಳೆಯಿತು.

ಆ ರಟ್ಟರ ಕಥೆಯೇ ಮಂಡಲಶಾಸ್ತ್ರಕ್ಕೆ ಒಂದು ಉದಾಹರಣೆ. ಹನ್ನೆರಡನೆಯ ಶತಮಾನದ ಕೊನೆಗೆ ಕಲ್ಯಾಣದ ಚಾಲುಕ್ಯರ ಛತ್ರವು ಮುರಿದು ಬಿದ್ದಾಗ, ಬೆಳಗಾವಿಯ ರಟ್ಟರು ತಮ್ಮಷ್ಟಕ್ಕೆ ತಾವು ಅರಸರಾದರು. ವಾಯವ್ಯಕ್ಕೆ ಗಡಿ ತಾಗಿದವರು ಪನ್ಹಾಳದ ಶಿಲಾಹಾರರು. ಪಡುವಣಕ್ಕೆ ಗೋವೆಯ ಕದಂಬರು. ಆಚೆಗೆ ದೇವಗಿರಿಯ ಯಾದವರು. ಚಿಕ್ಕೋಡಿ ರಾಯಬಾಗಗಳ ನೆಲವು ರಟ್ಟ ಶಿಲಾಹಾರರ ನಡುವಿನ ಅಂಚು. ನೆರೆಯವನು ಶತ್ರು, ಅವನಾಚೆಯವನು ಮಿತ್ರನೆಂಬ ಸೂತ್ರವನ್ನು ಹಿಡಿದರೆ ದೇವಗಿರಿಯವನು ರಟ್ಟರಿಗೆ ಸಹಜ ಮಿತ್ರನಾಗಬೇಕು. ಯಾದವ ಸಿಂಘಣನು ಸುಮಾರು 1212ರಲ್ಲಿ ಶಿಲಾಹಾರ ಭೋಜನನ್ನು ಮುರಿದು ಪನ್ಹಾಳವನ್ನು ಹಿಡಿದನು. ಅಂದಿನಿಂದ ರಟ್ಟರ ಶತ್ರುವು ಇಲ್ಲವಾದನು. ಆದರೆ ಆಚೆಯವನೇ ಗಡಿಗೆ ಬಂದು ನಿಂತನು! ರಟ್ಟ ಲಕ್ಷ್ಮೀದೇವನ ಸವದತ್ತಿಯ ಶಾಸನವು 1228ರದು; ಆ ಮೇಲೆ ಬಹುಕಾಲ ಆ ಮನೆತನವು ಉಳಿಯಲಿಲ್ಲ, ಅವರ ನಾಡು ಯಾದವರಿಗೆ ಸೇರಿತು. ಅದೇ ಶಾಸನವು ಮುನಿಚಂದ್ರದೇವನೆಂಬ ಜೈನ ರಾಜಗುರುವನ್ನು ರಟ್ಟರಾಜ್ಯವನ್ನು ಪ್ರತಿಷ್ಠಾಪಿಸಿದ ಆಚಾರ್ಯನೆಂದು ಹೊಗಳುತ್ತದೆ. ರಾಜನೀತಿಯನ್ನು ಓದಿ ಅರಸರಿಗೆ ಆಲೋಚನೆ ಹೇಳಿದ ವಿದ್ವಾಂಸರು ನಮ್ಮಲ್ಲಿ ಇದ್ದರೆಂಬುದಕ್ಕೆ ಇದು ಸಾಕು. ಇನ್ನೂ ಬೇಕಾದರೆ ಕನ್ನಡ ಪಂಚತಂತ್ರದ ದುರ್ಗಸಿಂಹನನ್ನು ನೆನೆಯಬಹುದು. ಚಾಲುಕ್ಯ ಜಗದೇಕಮಲ್ಲನ ಆಸ್ಥಾನದಲ್ಲಿ ಆತನ ಉದ್ಯೋಗವೇ ಸಂಧಿವಿಗ್ರಹಿ. ಇಂದಿನ ಮಾತಿನಲ್ಲಿ ಪರರಾಷ್ಟ್ರಮಂತ್ರಿ.

ಆರುನೂರು ವರ್ಷಗಳನ್ನು ದಾಟಿ ಪೇಶವೆಯರ ಕೊನೆಯ ದಿನಗಳಿಗೆ ಬಂದರೆ ಅದೇ ಆಟವು ಅದೇ ಪಟದ ಮೇಲೆ ನಡೆಯುವದನ್ನು ಕಾಣಬಹುದು. ಚಿಕ್ಕೋಡಿ ಮತ್ತು ಮನೋಳಿ ಎಂಬ ಎರಡು ತಾಲೂಕುಗಳಿಗಾಗಿ ಕೊಲ್ಲಾಪುರದ ಮಹಾರಾಜರೂ ನಿಪ್ಪಾಣಿಯ ದೇಸಾಯಿ ಸಿದ್ಧೋಜಿರಾವ ನಿಂಬಾಳಕರರೂ ಕಾದಾಡಿದರು. (ಮನೋಳಿಯೆಂದರೆ ನಮ್ಮ ಮುನವಳ್ಳಿ.) ನಿಪ್ಪಾಣಿಕರರ ಬೆನ್ನಿಗೆ ಪುಣೆಯಿತ್ತು. ಕೊಲ್ಲಾಪುರವು ಬಳಲಿ ಕಂಪನಿ ಸರಕಾರದ ಆಸರೆಯನ್ನು ಬಯಸಿತು. ಸಂಶ್ರಯವೆಂಬ ಉಪಾಯಕ್ಕೆ ಬೆಲೆಯಿದ್ದೇ ಇದೆ. 1812ರ ಕೌಲಿನಲ್ಲಿ ಮಹಾರಾಜರು ಮಾಲವಣದ ಬಂದರವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು, ಚಿಕ್ಕೋಡಿ ಮನೋಳಿಗಳ ಮೇಲಿನ ಹಕ್ಕನ್ನೂ ಬಿಟ್ಟರು. ಬದಲಿಗೆ ಉಳಿದ ರಾಜ್ಯಕ್ಕೆ ರಕ್ಷಣೆಯ ಭರವಸೆ ದೊರೆಯಿತು. ಆರು ವರ್ಷಗಳು ಕಳೆಯುವಷ್ಟರಲ್ಲಿ ಪೇಶವಾಯಿಯು ಮುಳುಗಿತು. ಆ ಯುದ್ಧದಲ್ಲಿ ಕೊಲ್ಲಾಪುರವು ಕಂಪನಿಯ ಕಡೆಗಿತ್ತು, ನಿಪ್ಪಾಣಿಕರರು ಪೇಶವೆಯ ಪಕ್ಷದಲ್ಲಿದ್ದರು. 1818ರಲ್ಲಿ ಚಿಕ್ಕೋಡಿ ಮನೋಳಿಗಳನ್ನು ನಿಪ್ಪಾಣಿಕರರಿಂದ ಕಿತ್ತು ಕೊಲ್ಲಾಪುರಕ್ಕೆ ಬಹುಮಾನವಾಗಿ ಕೊಟ್ಟರು. ಮುಂದೆ ಬುವಾಸಾಹೇಬರೆಂಬ ಶಹಾಜಿ ಮಹಾರಾಜರು ನೆರೆಹೊರೆಯವರ ಮೇಲೆ ಏರಿ ಹೋಗತೊಡಗಿದರು. ಕಂಪನಿಯು ಮೇಲಿಂದ ಮೇಲೆ ಸೈನ್ಯವನ್ನು ಕಳುಹಿಸಿ, 1827ರಲ್ಲಿ ಅವೇ ಎರಡು ತಾಲೂಕುಗಳನ್ನು ಮರಳಿ ಕಸಿದುಕೊಂಡಿತು. ಹದಿನೈದು ವರ್ಷಗಳಲ್ಲಿ ಮೂರು ಸಲ ಒಡೆಯನು ಬದಲಾದನು! 1839ರಲ್ಲಿ ನಿಪ್ಪಾಣಿಯ ದೇಸಾಯಿಯೂ ಸಂತಾನವಿಲ್ಲದೆ ತೀರಿಕೊಂಡ ಮೇಲೆ ಆ ಜಹಗೀರೂ ಕಂಪನಿಯ ಪಾಲಾಯಿತು.

ಮೇಲಿನ ಸಂಗತಿಗಳನ್ನು ಗೆಜೆಟಿಯರು ಹೇಳುತ್ತದೆ. ಅದರ ಹಿಂದಿನ ಮನಸ್ಸನ್ನು ಕೌಟಿಲ್ಯನ ನಾಲ್ಕು ವರ್ಗಗಳು ಹೇಳುತ್ತವೆ. 1812ರ ಕೊಲ್ಲಾಪುರವು ಅಂಜಿದವರ ಪಂಕ್ತಿಯಲ್ಲಿತ್ತು, ಆದ್ದರಿಂದ ಬಂದರವನ್ನೇ ಕೊಟ್ಟಿತು. 1818ರ ಬಹುಮಾನದಿಂದ ಅಂಜಿಕೆಯು ಹೋಯಿತು, ಮಾನವು ಉಬ್ಬಿತು. ಬುವಾಸಾಹೇಬರು ತಾವು ಶಿವಾಜಿ ಮಹಾರಾಜರ ವಂಶದವರೆಂಬುದನ್ನು ಮರೆತಿರಲಿಲ್ಲ; ಮರೆಯಬೇಕೆಂದು ಕೇಳುವದೂ ನ್ಯಾಯವಲ್ಲ. ಆದರೆ ಆಸರೆಯಲ್ಲಿರುವವನು ಸ್ವತಂತ್ರನಂತೆ ನಡೆದರೆ ಆಸರೆ ಕೊಟ್ಟವನು ಸುಮ್ಮನಿರನು. ಕಂಪನಿಯ ಮನಸ್ಸಾದರೂ ಗೂಢವಾದುದಲ್ಲ. ದುರ್ಬಲನಾದ ಅರಸನನ್ನು ಕುರಿತ ಅಧಿಕರಣದಲ್ಲಿ ಕೌಟಿಲ್ಯನು ಗೆಲ್ಲುವವರಲ್ಲಿ ಮೂರು ಬಗೆಯನ್ನು ಹೇಳುತ್ತಾನೆ. ಶರಣು ಬಂದರೆ ತೃಪ್ತನಾಗುವ ಧರ್ಮವಿಜಯಿ, ನೆಲ ಹಣಗಳನ್ನು ಕೊಟ್ಟರೆ ತೃಪ್ತನಾಗುವ ಲೋಭವಿಜಯಿ, ಪ್ರಾಣ ಮಾನಗಳನ್ನೂ ಬಿಡದ ಅಸುರವಿಜಯಿ. ಕಂಪನಿಯು ನಡುವಿನದು. ಬಂದರ, ತಾಲೂಕು, ಜಹಗೀರು ಇವುಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತ, ಪ್ರತಿ ಸಲವೂ ಕೌಲಿನ ಕಾಗದವನ್ನು ಮಾಡಿಕೊಡುತ್ತ ಬಂದಿತು. ಕಾಗವಾಡದ ಸುತ್ತಿನ ಪಟವರ್ಧನರಾದರೋ ಹೊರಗಿನ ಶತ್ರುವಿಲ್ಲದೆಯೇ ತಮ್ಮ ಬಲವನ್ನು ಕಳೆದುಕೊಂಡರು. ಕುರುಂದವಾಡದ ಮನೆಯು ಒಡೆದು ಶೇಡಬಾಳದ ಶಾಖೆಯಾಯಿತು, ಮೀರಜೆಯು 1820ರಲ್ಲಿ ನಾಲ್ಕು ಪಾಲಾಯಿತು, ಆ ಪಾಲುಗಳಲ್ಲಿ ಎರಡು ಗಂಡುಸಂತಾನವಿಲ್ಲದೆ ಕಂಪನಿಗೆ ಹೋದವು. ಮಂಡಲದ ಪಟವನ್ನು ಎಷ್ಟು ಚೆನ್ನಾಗಿ ಬರೆದರೂ ಅಣ್ಣತಮ್ಮಂದಿರ ಮನಸ್ಸನ್ನು ಓದದಿದ್ದರೆ ಈ ಕಥೆಯು ತಿಳಿಯದು.

ಇಷ್ಟೆಲ್ಲ ಹೇಳಿಯೂ ಒಂದು ಕೊರತೆಯನ್ನು ಮುಚ್ಚಿಡಲಾರೆ. ಅರ್ಥಶಾಸ್ತ್ರವು ಗೆಲ್ಲಬೇಕೆಂಬವನ ಕಣ್ಣಿನಿಂದ ಬರೆದ ಗ್ರಂಥ. ಗೆದ್ದವನಿಂದ ಗೆದ್ದವನಿಗೆ ಕೈ ಬದಲಾಗುವ ನೆಲದ ಮೇಲೆ ಕೂರಿಗೆ ಹಿಡಿದು ನಿಂತವನು ಅದರಲ್ಲಿ ಜನಪದವೆಂಬ ಒಂದು ಅಂಗ ಮಾತ್ರ, ಸಪ್ತಾಂಗಗಳಲ್ಲಿ ಮೂರನೆಯವನು. ಚಿಕ್ಕೋಡಿಯ ರಯತನು 1812ರಲ್ಲಿ ಏನೆಂದುಕೊಂಡನು, 1818ರಲ್ಲಿ ಯಾರಿಗೆ ಕಂದಾಯ ತೆತ್ತನು, 1827ರಲ್ಲಿ ಯಾವ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದನು, ಇದನ್ನು ವಿಚಾರಿಸುವ ಶಾಸ್ತ್ರವು ಇನ್ನೂ ಹುಟ್ಟಬೇಕಾಗಿದೆ. ಗ್ರಂಥದ ಕಾಲದ ವಿಷಯವಾಗಿಯೂ ವಾದವಿದೆ. ಶಾಮಶಾಸ್ತ್ರಿಗಳು ಚಂದ್ರಗುಪ್ತಮೌರ್ಯನ ಮಂತ್ರಿಯದೇ ಈ ಕೃತಿಯೆಂದು ನಂಬಿದ್ದರು. ಯೋಲಿ, ವಿಂಟರ್ನಿಟ್ಸ್ ಮೊದಲಾದವರೂ, ಇತ್ತೀಚೆಗೆ ಒಲಿವೆಲ್ ಎಂಬ ವಿದ್ವಾಂಸರೂ ಅದನ್ನು ಕೆಲವು ಶತಮಾನಗಳಷ್ಟು ಈಚೆಗೆ ತರುತ್ತಾರೆ. ಈಚಿನವರ ಪಕ್ಷಕ್ಕೇ ನನ್ನ ಒಲವು. ಆದರೆ ನಮ್ಮ ಪ್ರಯೋಜನಕ್ಕೆ ಅದರಿಂದ ಬಾಧೆಯಿಲ್ಲ.

ರಯತನ ಕಡೆಗೆ ಕೌಟಿಲ್ಯನು ತಿರುಗಿ ನೋಡಿದ ಒಂದು ಎಡೆಯುಂಟು. ಹೊಸದಾಗಿ ಗೆದ್ದ ನೆಲವನ್ನು ಶಾಂತಗೊಳಿಸುವ ಬಗೆಯನ್ನು ಹೇಳುವಾಗ, ಗೆದ್ದವನು ಆ ನಾಡಿನವರ ಶೀಲ, ವೇಷ, ಭಾಷೆ, ಆಚಾರಗಳನ್ನು ತಾನೂ ಹಿಡಿಯಬೇಕು, 그 ಜನರ ದೇವರ ಉತ್ಸವಗಳಲ್ಲಿ ಭಕ್ತಿಯನ್ನು ತೋರಬೇಕು ಎಂದು ವಿಧಿಸುತ್ತಾನೆ. ಇದು ದಯೆಯ ಮಾತಲ್ಲ, ಲೆಕ್ಕದ ಮಾತು. ಭಾಷೆಯನ್ನು ಕಡೆಗಣಿಸಿದವನು ಸಿಟ್ಟಿಗೆದ್ದವರನ್ನೂ ಮಾನಿಗಳನ್ನೂ ತಾನೇ ಹುಟ್ಟಿಸುತ್ತಾನೆಂಬ ಎಚ್ಚರ. ನಮ್ಮ ಸೀಮೆಯನ್ನು ಗೆದ್ದ ಕಂಪನಿಯವರು ಮಾಡಿದ್ದು ಇದಕ್ಕೆ ವಿರುದ್ಧ. ಪೇಶವೆಯಿಂದ ಪಡೆದ ನೆಲವೆಂಬ ಒಂದೇ ಕಾರಣದಿಂದ ಕನ್ನಡದ ನಾಡಿಗೆ ದಕ್ಷಿಣ ಮರಾಠಾ ದೇಶವೆಂದು ಹೆಸರಿಟ್ಟರು. ಕಚೇರಿಯಲ್ಲಿಯೂ ಸಾಲೆಯಲ್ಲಿಯೂ ಮರಾಠಿಯನ್ನು ಮುಂದುವರಿಸಿದರು. ಧಾರವಾಡದ ಕಡೆಗೆ ಎಲಿಯಟ್ ಸಾಹೇಬರು ಮೊದಲು ಕನ್ನಡ ಸಾಲೆಗಳಿಗೆ ಕೈ ಹಚ್ಚಿದರು. ಆ ಮೇಲೆ ಡೆಪ್ಯೂಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಸಾಲೆಗಳನ್ನು ತೆರೆಯಿಸಿದರು. ಒಂದು ಹೆಸರನ್ನು ಇಟ್ಟ ಮಾತ್ರದಿಂದ ಎರಡು ಜನಗಳ ಮನಸ್ಸಿನಲ್ಲಿ ನೂರು ವರ್ಷಗಳಿಗೆ ಸಾಲುವಷ್ಟು ಮನಸ್ತಾಪವು ಹೇಗೆ ಬಿತ್ತಲ್ಪಡುವದೆಂಬುದನ್ನು ರಾಜಕೀಯ ಮನಶ್ಶಾಸ್ತ್ರದ ಅಧ್ಯಾಪಕರು ಪಾಠವಾಗಿ ಹೇಳಬಹುದು. ನಿಪ್ಪಾಣಿಯ ಅನೇಕ ಮನೆಗಳಲ್ಲಿ ಎರಡೂ ನುಡಿಗಳು ಒಂದೇ ಒಲೆಯ ಮುಂದೆ ಆಡಲ್ಪಡುತ್ತವೆ. ಆ ಮನೆಗಳವರು ಈ ಹೆಸರನ್ನು ಇಟ್ಟವರಲ್ಲ.

ರಾಯಬಾಗವು 1949ರಲ್ಲಿ ಕೊಲ್ಲಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಬೆಳಗಾವಿ ಜಿಲ್ಲೆಗೆ ಬಂದಿತು. 1956ರ ನವೆಂಬರ್ 1ರಂದು ಚಂದಗಡ ತಾಲೂಕನ್ನು ಬಿಟ್ಟು ಉಳಿದ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಆ ಮೇಲೆ ಮಹಾಜನ ಆಯೋಗವು 1966ರಲ್ಲಿ ನೇಮಕವಾಗಿ ಮರುವರ್ಷ ವರದಿಯನ್ನು ಕೊಟ್ಟಿತು. 2004ರಲ್ಲಿ ಮಹಾರಾಷ್ಟ್ರ ಸರಕಾರವು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆಯನ್ನು ಹೂಡಿತು. ಒಂದೇ ದೇಶದ ಎರಡು ರಾಜ್ಯಗಳ ನಡುವಿನ ಮಾತಾದುದರಿಂದ ಇದನ್ನು ಪರರಾಷ್ಟ್ರಸಂಬಂಧವೆನ್ನಲಾಗದು. ಆದರೆ ಸಿಟ್ಟು, ಆಸೆ, ಅಂಜಿಕೆ, ಮಾನ ಈ ನಾಲ್ಕಕ್ಕೂ ಅದರಲ್ಲಿ ಎಡೆ ಸಿಕ್ಕಿದೆ.

ಕಳೆದ ತಿಂಗಳು ಮತ್ತೆ ಅಥಣಿಗೆ ಹೋದಾಗ ಇವುಗಳಲ್ಲಿ ಕೆಲವನ್ನು ಅಜ್ಜನವರಿಗೆ ಹೇಳಿದೆನು. ಅವರು ಉತ್ತರ ಕೊಡದೆ ಒಳಗೆ ಹೋಗಿ, ಹಳೆಯ ಪೆಟ್ಟಿಗೆಯಿಂದ ಕೆಂಪು ಬಟ್ಟೆಯ ಒಂದು ಗಂಟನ್ನು ತಂದು ಬಿಚ್ಚಿದರು. ಅವರ ಹಿರಿಯರ ಹೊಲದ ಕಾಗದಗಳು, ಎಲ್ಲವೂ ಮೋಡಿಲಿಪಿಯಲ್ಲಿದ್ದವು. ಆ ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಉಳಿದಿಲ್ಲ. ಮೊಮ್ಮಗನು ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದನು. ಆ ಮೇಲೆ ಮೋಡಿಯನ್ನು ಕಲಿಸುವವರು ಚಿಕ್ಕೋಡಿಯಲ್ಲಿ ಯಾರಾದರೂ ಇರುವರೇ ಎಂದು ನನ್ನನ್ನು ಕೇಳಿದನು.